ಇರಾಗೊ ದಡದ ತೆಂಗಿನಕಾಯಿ

ಕಡಲಿಲ್ಲದ ಸೀಮೆಯಲ್ಲಿ ತೆಂಗು ಬೆಳೆಯುವುದು ಒಂದು ಸೋಜಿಗವೆಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಹುಟ್ಟಿದವರಾರಿಗೂ ಅನ್ನಿಸುವುದಿಲ್ಲ. ಕಣ್ಣು ಬಿಟ್ಟಂದಿನಿಂದ ಎದುರಿಗಿರುವುದು ಸೋಜಿಗವಾಗುವುದಾದರೂ ಹೇಗೆ? ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿಗೂ ಮೇಲಿರುವ ಈ ಬಯಲಿನಲ್ಲಿ ರಾಗಿಯ ಹೊಲದ ಬದುವಿನಾಚೆಗೆ ತೆಂಗಿನ ತೋಟ, ತೋಟದ ಅಂಚಿನಲ್ಲಿ ಮನೆ, ಮನೆಯ ಅಟ್ಟದ ಮೇಲೆ ಕಾಯಿ. ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ತಾಳ್ಮೆಯಿಂದ ಕಾದರೆ ಒಳಗಿನ ನೀರು ತಾನಾಗಿ ಇಂಗಿಹೋಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಮನೆಯ ಹಿರಿಯಳು ಒಂದೊಂದನ್ನೇ ಕಿವಿಯ ಬಳಿ ಹಿಡಿದು ಅಲುಗಿಸಿ ನೋಡಿ, ಒಳಗೆ ಕೊಬ್ಬರಿ ಆಡುವ ಸದ್ದು ಕೇಳಿದ ಮೇಲೆಯೇ ಕೆಳಗಿಳಿಸಲು ಹೇಳುವುದು ವಾಡಿಕೆ. ಆ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾಗಿ ಉತ್ತರ ಹಿಂದೂಸ್ಥಾನದ ಊರುಗಳಿಗೆ ಹೋಗುತ್ತದೆ. ಇಷ್ಟೂ ವ್ಯವಹಾರದಲ್ಲಿ ಕಡಲಿನ ಸುಳಿವು ಎಲ್ಲಿಯೂ ಇಲ್ಲ. ಕಡಲು ಇನ್ನೂರು ಕಿಲೊಮೀಟರಿಗೂ ಆಚೆ, ಘಟ್ಟದ ಕೆಳಗೆ, ಧರ್ಮಸ್ಥಳ ಉಡುಪಿಗಳ ಯಾತ್ರೆಗೆ ಹೋದಾಗ ನೋಡಿ ಕಾಲು ನೆನೆಸಿಕೊಂಡು ಬರುವ ವಸ್ತು.

ಮಠದ ಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಭೂಗೋಳವನ್ನು ಬೋಧಿಸಿ 2010ರಲ್ಲಿ ನಿವೃತ್ತರಾದ, ತುರುವೇಕೆರೆ ತಾಲ್ಲೂಕಿನ ಮೇಷ್ಟ್ರೊಬ್ಬರು 2017ರ ಅಕ್ಟೋಬರ್ ತಿಂಗಳಲ್ಲಿ ಜಪಾನಿಗೆ ಹೋಗಿಬಂದರು. ತಮ್ಮ ಹೆಸರನ್ನು ಅಚ್ಚು ಹಾಕಿಸುವುದು ಅವರಿಗೆ ಸಮ್ಮತವಲ್ಲ. ಅವರ ಬಳಿ ಓದಿದವರಿಗೆ ಹೆಸರಿಲ್ಲದೆಯೇ ಗುರುತು ಹತ್ತುವುದರಿಂದ ಅದರ ಅವಶ್ಯಕತೆಯೂ ಇಲ್ಲ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣವನ್ನು ಎತ್ತದೆ ಒಂದೇ ಗೆರೆಯಲ್ಲಿ ಜಪಾನಿನ ದ್ವೀಪಗಳನ್ನು ಬರೆದು, ದಕ್ಷಿಣದಿಂದ ಬರುವ ಕುರೊಶಿಯೊ ಉಷ್ಣ ಪ್ರವಾಹವನ್ನು ಕೆಂಪು ಬಣ್ಣದಲ್ಲಿಯೂ, ಉತ್ತರದಿಂದ ಇಳಿಯುವ ಒಯಾಶಿಯೊ ಶೀತ ಪ್ರವಾಹವನ್ನು ನೀಲಿಯಲ್ಲಿಯೂ ತೋರಿಸಿ, "ಇವೆರಡೂ ಕೂಡುವ ಕಡೆ ಮೀನು ಹೇರಳ, ನಮಗೆ ಅದರಿಂದ ಪ್ರಯೋಜನವಿಲ್ಲ, ಪರೀಕ್ಷೆಗೆ ಪ್ರಯೋಜನವಿದೆ" ಎಂದು ಹೇಳಿ ತರಗತಿಯನ್ನು ನಗಿಸುತ್ತಿದ್ದವರು ಅವರು. ಅಷ್ಟು ವರ್ಷ ಹಲಗೆಯ ಮೇಲೆ ಹರಿಸಿದ ಆ ಪ್ರವಾಹವನ್ನು ಒಂದು ದಿನ ಕಣ್ಣಾರೆ ಕಾಣುವೆನೆಂದು ಅವರು ಎಣಿಸಿರಲಿಲ್ಲ.

ಕಾಣುವ ಸಂದರ್ಭ ಒದಗಿದ್ದು ಮಗನ ದೆಸೆಯಿಂದ. ಬಿಡದಿಯ ಕಾರು ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದ ಅವನನ್ನು ಎರಡು ವರ್ಷದ ಮಟ್ಟಿಗೆ ಜಪಾನಿನ ತಹಾರ ಎಂಬ ಊರಿಗೆ ಕಳುಹಿಸಿದ್ದರು. ನಗೋಯ ಮಹಾನಗರದ ಆಗ್ನೇಯಕ್ಕೆ ಅತ್ಸುಮಿ ಎಂಬ ಉದ್ದನೆಯ ಪರ್ಯಾಯ ದ್ವೀಪವೊಂದು ಕಡಲೊಳಗೆ ಚಾಚಿಕೊಂಡಿದೆ. ಅದರ ಒಂದು ಮಗ್ಗುಲಿಗೆ ಶಾಂತವಾದ ಮಿಕಾವ ಕೊಲ್ಲಿ, ಇನ್ನೊಂದು ಮಗ್ಗುಲಿಗೆ ತೆರೆದ ಪೆಸಿಫಿಕ್ ಸಾಗರ. ಕೊಲ್ಲಿಯ ಬದಿಯಲ್ಲಿರುವ ತಹಾರದಲ್ಲಿ 1979ರಿಂದ ಟೊಯೋಟಾ ಕಾರ್ಖಾನೆಯಿದೆ. ಪರ್ಯಾಯ ದ್ವೀಪದ ತುತ್ತತುದಿಯೇ ಇರಾಗೊ ಭೂಶಿರ.

ಮೇಷ್ಟ್ರು ಹೊರಟದ್ದು ಊರು ನೋಡುವ ಉತ್ಸಾಹದಿಂದ ಮಾತ್ರವಲ್ಲ. ಮನೆತನದ ಮೂರೆಕರೆ ತೋಟದಲ್ಲಿ ಮೂವತ್ತು ಅಡಿಗೊಂದರಂತೆ ಅವರ ತಂದೆ ನೆಟ್ಟ ಮರಗಳು ನೂರನಲವತ್ತು. ಅದಕ್ಕೆ ಹಿಂದಿನ ಮೂರು ನಾಲ್ಕು ವರ್ಷಗಳ ಬರದಲ್ಲಿ ಕೆರೆ ಬತ್ತಿ, ಕೊಳವೆ ಬಾವಿ ಎಂಟುನೂರು ಅಡಿಗೆ ಇಳಿದು ಬರಿ ಗಾಳಿ ಉಗುಳತೊಡಗಿದಾಗ ಮೂವತ್ತೊಂದು ಮರಗಳು ಗರಿ ಜೋತುಬಿದ್ದು, ಸುಳಿ ಒಣಗಿ ಹೋಗಿದ್ದವು. ತೆಂಗಿನ ಮರ ಸಾಯುವುದನ್ನು ನೋಡಿದವರಿಗೆ ಗೊತ್ತು: ಅದು ಒಮ್ಮೆಗೇ ಬೀಳುವುದಿಲ್ಲ, ತಲೆ ಕಳೆದುಕೊಂಡು ಕಂಬವಾಗಿ ವರ್ಷಗಟ್ಟಲೆ ನಿಂತಿರುತ್ತದೆ. ಇದೇ ಸಮಯದಲ್ಲಿ, ಹೆದ್ದಾರಿಗೆ ದೂರವಲ್ಲದ ಆ ಜಮೀನಿಗೆ ನಿವೇಶನ ಮಾಡುವವರು ಬಂದು ಬೆಲೆ ಕಟ್ಟಿದ್ದರು. ಒಬ್ಬನೇ ಮಗ. ಅವನನ್ನು ಕೇಳದೆ ಮಾರುವಂತಿಲ್ಲ. ದೂರವಾಣಿಯಲ್ಲಿ ಕೇಳುವ ಮಾತೂ ಅದಲ್ಲ.

ನಗೋಯದಿಂದ ತೊಯೊಹಾಶಿಗೆ ರೈಲಿನಲ್ಲಿ ಒಂದು ಗಂಟೆಯ ಹಾದಿ. ಅಲ್ಲಿಂದ ತಹಾರಕ್ಕೆ ಎರಡು ಮೂರು ಬೋಗಿಗಳ ಚಿಕ್ಕ ರೈಲು, ಅದರಾಚೆಗೆ ಇರಾಗೊವರೆಗೆ ಬಸ್ಸು. ಪ್ರಯಾಣದಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಊಟದ ವಿಷಯದಲ್ಲಿ ಮಾತ್ರ ಒಂದು ಸಂಗತಿ. ತರಕಾರಿಯ ಸಾರೆಂದು ಬಡಿಸಿದ್ದಕ್ಕೆ ಸಹ ಒಣಮೀನಿನ ಕಷಾಯವೇ ಮೂಲವೆಂದು ಮಗನು ಮೊದಲೇ ಎಚ್ಚರಿಸಿದ್ದನು. ಆ ಒಣಮೀನನ್ನು ಅಂಗಡಿಯೊಂದರಲ್ಲಿ ನೋಡಿದ ಮೇಷ್ಟ್ರು ಬೆರಗಾದರು. ತಿಂಗಳುಗಟ್ಟಲೆ ಹೊಗೆಯಲ್ಲಿಯೂ ಬಿಸಿಲಿನಲ್ಲಿಯೂ ಒಣಗಿಸಿ, ಕಟ್ಟಿಗೆಯಂತೆ ಗಟ್ಟಿಯಾದ ಮೇಲೆ ಹೆರೆದು ಬಳಸುವ ಆ ಪದಾರ್ಥದ ಬಣ್ಣ, ತೂಕ, ಸದ್ದು ಎಲ್ಲವೂ ಅಟ್ಟದ ಕೊಬ್ಬರಿಯಂತೆಯೇ ಇದ್ದವು! ನೋಡಿ ಮೆಚ್ಚಿದರು, ಅನ್ನ ಮತ್ತು ಮನೆಯಿಂದ ಒಯ್ದಿದ್ದ ಚಟ್ನಿಪುಡಿಯಲ್ಲಿ ಎಂಟು ದಿನ ಕಳೆದರು.

ಇರಾಗೊ ಭೂಶಿರದ ಬುಡದಲ್ಲಿ ಬಿಲ್ಲಿನಂತೆ ಬಾಗಿದ ಒಂದು ಮರಳದಂಡೆಯುಂಟು. ಕೊಯಿಜಿಗಾಹಾಮ ಎಂದು ಅದರ ಹೆಸರು. ಅಲೆಯ ಮೊರೆತಕ್ಕಾಗಿ ಆ ದಂಡೆ ಹೆಸರಾಗಿದೆ. 1996ರಲ್ಲಿ ಜಪಾನ್ ಸರ್ಕಾರವು ಉಳಿಸಿಕೊಳ್ಳತಕ್ಕ ನೂರು ಧ್ವನಿನೆಲೆಗಳನ್ನು ಆರಿಸಿದಾಗ ಇಲ್ಲಿಯ ಕಡಲ ಸದ್ದನ್ನೂ ಅದರಲ್ಲಿ ಸೇರಿಸಿತು. ಸದ್ದನ್ನು ಆಸ್ತಿಯೆಂದು ಪಟ್ಟಿ ಮಾಡುವ ಬುದ್ಧಿ ಮೆಚ್ಚತಕ್ಕದ್ದೇ. ಮೇಷ್ಟ್ರು ದಂಡೆಯ ಮೇಲೆ ನಿಂತು ದಕ್ಷಿಣಕ್ಕೆ ಮುಖ ಮಾಡಿ ಬಹಳ ಹೊತ್ತು ನೋಡಿದರು. ಕೆಂಪು ಸೀಮೆಸುಣ್ಣದ ಗೆರೆ ಎಲ್ಲಿಯೂ ಕಾಣಲಿಲ್ಲ. ಫಿಲಿಪ್ಪೀನ್ಸಿನ ಮಗ್ಗುಲಿನಿಂದ ಹೊರಟು, ತೈವಾನ್, ಒಕಿನಾವ ದ್ವೀಪಗಳನ್ನು ಸವರಿಕೊಂಡು ಬರುವ ಆ ಮಹಾಪ್ರವಾಹ ದಡದಿಂದ ಸಾಕಷ್ಟು ದೂರದಲ್ಲಿ ಹರಿಯುತ್ತದೆ. ನೀರಿನ ಕಡು ಬಣ್ಣದಿಂದಾಗಿ ಅದಕ್ಕೆ ಕಪ್ಪು ಪ್ರವಾಹವೆಂಬ ಅರ್ಥದ ಹೆಸರು ಬಂದಿತೆಂದು ಅವರೇ ಎಷ್ಟೋ ಬಾರಿ ಹೇಳಿಕೊಟ್ಟಿದ್ದರು.

ದಂಡೆಯ ಬಳಿ ತೆಂಗಿನಕಾಯಿಯ ಹೆಸರಿನಲ್ಲಿ ಒಂದು ಶಿಲಾಸ್ಮಾರಕವಿರುವುದನ್ನು ಮಗನು ತೋರಿಸಿದನು. ತೆಂಗು ಬೆಳೆಯದ ನಾಡಿನಲ್ಲಿ ತೆಂಗಿನಕಾಯಿಗೆ ಸ್ಮಾರಕ! ಅದರ ಹಿನ್ನೆಲೆ ಹೀಗಿದೆ. 1898ರ ಬೇಸಗೆಯಲ್ಲಿ ಯಾನಾಗಿತಾ ಕುನಿಯೊ ಎಂಬ ಇಪ್ಪತ್ತಮೂರರ ತರುಣ, ಟೋಕಿಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಇರಾಗೊ ಹಳ್ಳಿಗೆ ಬಂದು ತಂಗಿದ್ದನು. ಗಾಳಿ ಬೀಸಿದ ಮರುದಿನ ಬೆಳಗ್ಗೆ ದಂಡೆಯ ಮೇಲೆ ತಿರುಗಾಡುತ್ತಿದ್ದಾಗ ಮರಳಿನಲ್ಲಿ ತೆಂಗಿನಕಾಯಿ ಬಿದ್ದಿರುವುದನ್ನು ಕಂಡನು. ಒಮ್ಮೆಯಲ್ಲ, ಅಲ್ಲಿದ್ದ ಅವಧಿಯಲ್ಲಿ ಮೂರು ಬಾರಿ. ಯಾವ ದ್ವೀಪದ ಮರದಿಂದ ಕಳಚಿ, ಎಷ್ಟು ತಿಂಗಳು ತೇಲಿ ಬಂದಿದ್ದೀತೆಂಬ ಯೋಚನೆ ಅವನನ್ನು ಹಿಡಿಯಿತು. ಟೋಕಿಯೊಕ್ಕೆ ಮರಳಿ ಇದನ್ನು ಗೆಳೆಯನಾದ ಕವಿ ಶಿಮಾಜಾಕಿ ತೋಸೊನನಿಗೆ ತಿಳಿಸಿದನು. ತೋಸೊನ್ ಹುಟ್ಟಿದ್ದು ಕಿಸೊ ಬೆಟ್ಟಸಾಲಿನ ನಡುವಣ ಮಾಗೊಮೆಯಲ್ಲಿ. ಇರಾಗೊದ ಆ ಕಾಯಿಯನ್ನು ಅವನು ಕಂಡವನಲ್ಲ. ಆದರೂ ಗೆಳೆಯನ ಮಾತಿನಿಂದಲೇ 'ತೆಂಗಿನಕಾಯಿ' ಎಂಬ ಕವಿತೆಯನ್ನು ರಚಿಸಿದನು. ಅದು 1901ರಲ್ಲಿ ಅವನ ಸಂಕಲನದಲ್ಲಿ ಸೇರಿತು. ನೆಲೆ ತಪ್ಪಿದ ಕಾಯಿಯಲ್ಲಿ ಊರು ಬಿಟ್ಟ ಮನುಷ್ಯನೊಬ್ಬನು ತನ್ನನ್ನೇ ಕಾಣುವುದು ಅದರ ಭಾವ. ಓನಾಕಾ ತೊರಾಜಿ ಎಂಬವರು 1936ರಲ್ಲಿ ಅದಕ್ಕೆ ಸ್ವರ ಸಂಯೋಜಿಸಿದರು. ಆಕಾಶವಾಣಿಯ ಮೂಲಕ ಹಾಡು ಮನೆಮನೆಗೆ ಹೋಯಿತು. ಇಂದಿಗೂ ಹಳೆಯ ತಲೆಯ ಜಪಾನೀಯರಲ್ಲಿ ಅದನ್ನು ಅರಿಯದವರು ವಿರಳ.

ತೋಸೊನನಂತೆ ಒಳನಾಡಿನಲ್ಲಿ ಹುಟ್ಟಿದ ಮೇಷ್ಟ್ರಿಗೆ ಈ ವೃತ್ತಾಂತದಲ್ಲಿ ಹಿಡಿಸಿದ್ದು ಇಸವಿ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸೇವೆಯಲ್ಲಿದ್ದಾಗ ರಜೆ ಪಡೆದು ಮೊದಲ ಬಾರಿ ಜಪಾನನ್ನು ನೋಡಿಬಂದದ್ದು 1898ರಲ್ಲಿಯೇ. ಆ ನಾಡು ಶಾಲೆಗಳನ್ನೂ ಕಾರ್ಖಾನೆಗಳನ್ನೂ ಕಟ್ಟಿಕೊಂಡ ಬಗೆ ಅವರ ಮನಸ್ಸಿನಲ್ಲಿ ಕಡೆಯವರೆಗೂ ನಿಂತಿತ್ತು. ಮೈಸೂರಿನ ದಿವಾನಗಿರಿಯನ್ನು ಬಿಟ್ಟ ಮೇಲೆ 1919ರಲ್ಲಿ ಅವರು ಮತ್ತೆ ಅಲ್ಲಿಗೆ ಹೋದರು. ಅವರು ಇರಾಗೊವನ್ನು ಕಂಡರೆಂದು ಹೇಳಲು ಆಧಾರವಿಲ್ಲ, ಕಾಣುವ ಕಾರಣವೂ ಅವರಿಗಿರಲಿಲ್ಲ. ಒಬ್ಬರು ನಗರಗಳಲ್ಲಿ ಲೆಕ್ಕ ಬರೆದುಕೊಳ್ಳುತ್ತಿದ್ದ ವರ್ಷವೇ ಇನ್ನೊಬ್ಬರು ಮರಳಿನಲ್ಲಿ ಕಾಯಿ ನೋಡುತ್ತ ನಿಂತಿದ್ದರು ಎಂಬಷ್ಟೇ ಇದರ ಸ್ವಾರಸ್ಯ. ಯಾನಾಗಿತಾ ನೋಡಿದ ಹಳ್ಳಿ ಕೂಡ ಆ ಸ್ಥಳದಲ್ಲಿ ಉಳಿಯಲಿಲ್ಲ. ಸೇನೆಯು ಫಿರಂಗಿಗಳ ಪರೀಕ್ಷೆಗಾಗಿ ನೆಲವನ್ನು ವಶಪಡಿಸಿಕೊಂಡು 1905ರಲ್ಲಿ ಊರಿಗೆ ಊರನ್ನೇ ಎಬ್ಬಿಸಿತು.

ತಹಾರದಲ್ಲಿ ಮಗನ ಬಿಡಾರದ ಪಕ್ಕದಲ್ಲಿ ಎಲೆಕೋಸು ಬೆಳೆಯುವ ವೃದ್ಧ ರೈತರೊಬ್ಬರು ಇದ್ದರು. ಎಂಬತ್ತರ ಆಸುಪಾಸು, ಬೆನ್ನು ಬಾಗಿದ್ದರೂ ಹೊಲಕ್ಕೆ ಹೋಗುವುದನ್ನು ಬಿಟ್ಟವರಲ್ಲ. ಮೇಷ್ಟ್ರು ತಿಪಟೂರಿನ ಕೊಬ್ಬರಿ ಮಿಠಾಯಿಯ ಒಂದು ಪೊಟ್ಟಣವನ್ನು ಅವರಿಗೆ ಕೊಟ್ಟು, ತಮ್ಮದು ತೆಂಗಿನ ಸೀಮೆಯೆಂದು ಮಗನ ಬಾಯಿಂದ ತಿಳಿಸಿದರು. ಮುದುಕರ ಮುಖ ಅರಳಿತು. ಮಿಠಾಯಿಯನ್ನು ಕೈಯಲ್ಲಿ ಹಿಡಿದೇ ಆ ಹಾಡನ್ನು ಮೊದಲಿಂದ ಕಡೆಯವರೆಗೆ ತಗ್ಗಿದ ದನಿಯಲ್ಲಿ ಹಾಡಿದರು. ಬಳಿಕ ಅವರು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಮನೆಯಿಂದ ಕಡಲಿಗೆ ಎಷ್ಟು ನಡೆಯಬೇಕು?"

ಇನ್ನೂರು ಕಿಲೊಮೀಟರಿಗೂ ಹೆಚ್ಚು, ನಡುವೆ ದೊಡ್ಡ ಘಟ್ಟವಿದೆ ಎಂಬ ಉತ್ತರವನ್ನು ಅವರು ನಂಬಲಿಲ್ಲ. ಮಗನ ಭಾಷಾಂತರದಲ್ಲಿ ತಪ್ಪಿರಬೇಕೆಂದು ಮತ್ತೊಮ್ಮೆ ಕೇಳಿದರು. ಹಾಗಾದರೆ ಕಾಯಿ ಅಲ್ಲಿಗೆ ಹೇಗೆ ಬಂತು?

ಅಷ್ಟು ವರ್ಷ ಭೂಗೋಳ ಹೇಳಿದ ಮೇಷ್ಟ್ರಿಗೆ ತತ್‌ಕ್ಷಣ ಉತ್ತರ ಹೊಳೆಯಲಿಲ್ಲ. ಯಾರೋ ಹೊತ್ತು ತಂದಿರಬೇಕು. ಹೆಗಲ ಮೇಲೋ, ಎತ್ತಿನ ಹೇರಿನಲ್ಲೋ, ಘಟ್ಟ ಹತ್ತಿಸಿ ತಂದು, ನೆಟ್ಟು, ಏಳೆಂಟು ವರ್ಷ ನೀರು ಹೊತ್ತು ಹಾಕಿರಬೇಕು. ಉಪ್ಪಿನ ಕಡಲು ಕಾಯಿಯನ್ನು ತೇಲಿಸೀತು; ರಾಗಿಯ ನಾಡಿಗೆ ಹತ್ತಿಸಲಾರದು. ಇರಾಗೊದ ಸ್ಥಿತಿ ಇದಕ್ಕೆ ತಲೆಕೆಳಗು. ಕಾಯಿಯನ್ನು ಕಡಲು ತಾನಾಗಿ ತಂದು ಮನೆಯ ಬಾಗಿಲಿಗೆ ಹಾಕುತ್ತದೆ, ಆದರೆ ಅಲ್ಲಿಯ ಚಳಿಗಾಲವನ್ನು ದಾಟಿ ಅದು ಮರವಾಗಲಾರದು. ಮೂವತ್ತನಾಲ್ಕೂವರೆ ಡಿಗ್ರಿ ಅಕ್ಷಾಂಶ ತೆಂಗಿನ ಸೀಮೆಯಿಂದ ಬಹು ಆಚೆಯದು.

ತೆಂಗಿನಕಾಯಿ ಉಪ್ಪುನೀರಿನಲ್ಲಿ ಮೂರು ತಿಂಗಳಿಗೂ ಮೀರಿ ತೇಲಿ, ಆ ಬಳಿಕವೂ ಮೊಳೆಯಬಲ್ಲದು. ದಪ್ಪನೆಯ ನಾರಿನ ಮಟ್ಟೆ ಅದಕ್ಕೆ ದೋಣಿ. ಒಳಗಿನ ತಿರುಳು ಬುತ್ತಿ. ಈ ಗುಣವನ್ನು ನೆಚ್ಚಿಯೇ ಯಾನಾಗಿತಾ ತನ್ನ ಮುದಿವಯಸ್ಸಿನಲ್ಲಿ, 1961ರಲ್ಲಿ, 'ಕಡಲ ಮೇಲಿನ ದಾರಿ' ಎಂಬ ಅರ್ಥದ ಗ್ರಂಥವನ್ನು ಪ್ರಕಟಿಸಿದರು. ಅಷ್ಟರಲ್ಲಿ ಅವರು ಜಪಾನಿನ ಜಾನಪದ ವಿದ್ವತ್ತಿಗೆ ಮೂಲಪುರುಷರೆನಿಸಿದ್ದರು. ಕಾಯಿ ಬಂದ ದಾರಿಯಲ್ಲಿಯೇ, ಒಕಿನಾವದ ದ್ವೀಪಗಳ ಮೇಲೆ ಹಾದು, ಜಪಾನೀಯರ ಪೂರ್ವಜರು ಭತ್ತದೊಂದಿಗೆ ದಕ್ಷಿಣದಿಂದ ಬಂದರೆಂಬುದು ಅವರ ವಾದ. ಭೂಶೋಧನೆಯವರು ಇದನ್ನು ಒಪ್ಪಲಿಲ್ಲ; ಭತ್ತದ ಬೇಸಾಯ ಕೊರಿಯದ ಕಡೆಯಿಂದ ಬಂತೆಂಬುದಕ್ಕೆ ಅವರಿಗೆ ದೊರೆತ ಆಧಾರಗಳು ಬಲವಾಗಿವೆ. ಆದರೂ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಕಂಡ ಒಂದು ಕಾಯಿಯನ್ನು ಅರುವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ವಿದ್ವಾಂಸನ ಮುಂದೆ, ವಾದ ಸರಿಯೋ ತಪ್ಪೋ ಎಂಬುದು ಚಿಕ್ಕದಾಗಿ ತೋರುತ್ತದೆ. ತೆಂಗಿನ ವಂಶಾವಳಿಯನ್ನೇ ಶೋಧಿಸಿದ ಅಮೆರಿಕ ಮತ್ತು ಫ್ರಾನ್ಸಿನ ವಿಜ್ಞಾನಿಗಳು 2011ರಲ್ಲಿ ಬೇರೊಂದು ಸಂಗತಿಯನ್ನು ಹೊರಗೆಡಹಿದರು. ಜಗತ್ತಿನ ತೆಂಗಿಗೆ ಎರಡು ಕುಲಗಳು, ಒಂದು ಪೆಸಿಫಿಕ್ ಸಾಗರದ್ದು, ಇನ್ನೊಂದು ಹಿಂದೂ ಮಹಾಸಾಗರದ್ದು. ಮನುಷ್ಯನು ಇವೆರಡನ್ನೂ ಬೇರೆ ಬೇರೆಯಾಗಿಯೇ ಪಳಗಿಸಿದನು. ಆದ್ದರಿಂದ ಇರಾಗೊದ ದಡಕ್ಕೆ ಬಂದ ಕಾಯಿಯೂ ತಿಪಟೂರಿನ ಎತ್ತರದ ತಳಿಯೂ ದಾಯಾದಿಗಳೆನ್ನಬಹುದೇ ಹೊರತು ಒಡಹುಟ್ಟಿದವಲ್ಲ.

1988ರಿಂದ ಆ ಊರಿನವರು ಇನ್ನೊಂದು ಕೆಲಸ ಹಿಡಿದಿದ್ದಾರೆ. ಸುಮಾರು 1600 ಕಿಲೊಮೀಟರು ದಕ್ಷಿಣದ ಇಶಿಗಾಕಿ ದ್ವೀಪಕ್ಕೆ ಹೋಗಿ, ಹೆಸರಿನ ಬಿಲ್ಲೆ ಕಟ್ಟಿದ ತೆಂಗಿನಕಾಯಿಗಳನ್ನು ಕಡಲಿಗೆ ಬಿಟ್ಟು, ಕವಿತೆಯಲ್ಲಿರುವಂತೆ ತಮ್ಮ ದಂಡೆಗೆ ತೇಲಿ ಬರಲೆಂದು ಕಾಯುತ್ತಾರೆ. ಕೆಲವು ಕಾಯಿಗಳು ಜಪಾನಿನ ಬೇರೆ ಬೇರೆ ದಡಗಳನ್ನು ಮುಟ್ಟಿವೆ. ಉಳಿದವು ಏನಾದವೆಂದು ಕಡಲೇ ಹೇಳಬೇಕು. ಇದನ್ನು ಕೇಳಿದ ಮೇಷ್ಟ್ರ ಮನೆಯಾಕೆ, ಕಾಯಿಯ ಬೆಲೆ ತಿಳಿದವರು ಹೀಗೆ ಮಾಡುವುದಿಲ್ಲವೆಂದು ಆಮೇಲೆ ಅಭಿಪ್ರಾಯಪಟ್ಟರು.

ಮೇಷ್ಟ್ರು ಹೋದ ದಿನಗಳಲ್ಲಿ ಭೂಶಿರದ ತುಂಬ ದೂರದರ್ಶಕ ಹಿಡಿದ ಜನ ಸೇರಿದ್ದರು. ಜಪಾನಿನಲ್ಲಿ ಬೇಸಗೆ ಕಳೆದ ಗಿಡುಗಗಳು ಅಕ್ಟೋಬರ್ ಮೊದಲ ಭಾಗದಲ್ಲಿ ಸಾವಿರಗಟ್ಟಲೆಯಾಗಿ ಇರಾಗೊದ ನೆತ್ತಿಯ ಮೇಲೆ ಕೂಡಿ, ಗಾಳಿ ನೋಡಿಕೊಂಡು, ಕಡಲು ದಾಟಿ ಫಿಲಿಪ್ಪೀನ್ಸಿನ ಕಡೆಗೆ ಹೊರಡುತ್ತವೆ. ಕಾಯಿ ಬರುವ ದಾರಿಯಲ್ಲಿಯೇ ಹಕ್ಕಿ ಹೋಗುತ್ತದೆ. 1687ರ ಚಳಿಗಾಲದಲ್ಲಿ ಕವಿ ಬಾಶೊ, ಅಕ್ಕಿ ವ್ಯಾಪಾರದಲ್ಲಿ ತಪ್ಪೆಸಗಿ ಈ ಮೂಲೆಗೆ ಗಡೀಪಾರಾಗಿದ್ದ ಶಿಷ್ಯ ತೊಕೊಕುವನ್ನು ನೋಡಲು ಬಂದು, ಇಲ್ಲಿ ಒಂಟಿ ಗಿಡುಗವನ್ನು ಕಂಡು ಹಾಡಿದ್ದು ಪ್ರಸಿದ್ಧವಾಗಿದೆ. ಗುರು ಶಿಷ್ಯನನ್ನು ಹುಡುಕಿಕೊಂಡು ಬಂದ ಈ ಪ್ರಸಂಗವನ್ನು ಮೇಷ್ಟ್ರು ಮಗನಿಂದ ಎರಡು ಬಾರಿ ಹೇಳಿಸಿಕೊಂಡರು.

ಆದರೆ ಅವರ ಮನಸ್ಸನ್ನು ನಿಜವಾಗಿ ಕಲಕಿದ್ದು ಕಡಲಲ್ಲ, ಕಾಲುವೆ. ಅತ್ಸುಮಿಯ ಹೊಲಗಳು ಇಂದು ಜಪಾನಿನ ಅತ್ಯಂತ ಸಮೃದ್ಧ ಬೇಸಾಯದ ನೆಲ; ಎಲೆಕೋಸು, ಕರಬೂಜ, ಸೇವಂತಿಗೆಗಳ ಉತ್ಪತ್ತಿಯಲ್ಲಿ ತಹಾರ ದೇಶಕ್ಕೇ ಮುಂಚೂಣಿಯಲ್ಲಿದೆ. ಎರಡು ತಲೆಮಾರಿನ ಹಿಂದೆ ಇದೇ ನೆಲ ನೀರಿಲ್ಲದೆ ಬಾಯಿ ಬಿಡುತ್ತಿತ್ತೆಂದು ಆ ವೃದ್ಧ ರೈತರು ಹೇಳಿದರು. ಮಳೆ ತಿಪಟೂರಿನ ಎರಡು ಪಟ್ಟಿಗೆ ಕಡಿಮೆಯಿಲ್ಲ. ಆದರೆ ಕಿರಿದಾದ ನೆಲದಲ್ಲಿ ದೊಡ್ಡ ಹೊಳೆಯಿಲ್ಲ, ಬಿದ್ದ ನೀರು ಎರಡೂ ಕಡೆಯ ಕಡಲಿಗೆ ಹರಿದುಹೋಗುತ್ತಿತ್ತು. ಬಾಲ್ಯದಲ್ಲಿ ಅವರು ಕೊಳದಿಂದ ಹೆಗಲಡ್ಡೆಯಲ್ಲಿ ನೀರು ಹೊತ್ತು ಗೆಣಸಿನ ಬಳ್ಳಿಗೆ ಹಾಕಿದವರು. ಹೆಗಲ ಮೇಲಿನ ಗಂಟನ್ನು ಅಂಗಿ ಸರಿಸಿ ತೋರಿಸಿದರು.

ನೀರು ತರುವ ಯೋಚನೆಯೂ ದಕ್ಷಿಣದಿಂದಲೇ ತೇಲಿ ಬಂದದ್ದು. ಆ ಪ್ರಾಂತದ ರಾಜಕಾರಣಿ ಕೊಂದೊ ಜುಯಿಚಿರೊ ಎಂಬವರು 1921ರಲ್ಲಿ ಜಾವಾ ದ್ವೀಪದ ಪ್ರವಾಸ ಮಾಡಿ, ಅಲ್ಲಿಯ ನೀರಾವರಿಯನ್ನು ಕಂಡು, ಬೆಟ್ಟಗಳಲ್ಲಿ ಅಣೆಕಟ್ಟು ಕಟ್ಟಿ ತೊಯೊಗಾವ ಹೊಳೆಯ ನೀರನ್ನು ಇರಾಗೊದ ತುದಿಯವರೆಗೆ ಹರಿಸಬಹುದೆಂದು ಹೇಳತೊಡಗಿದರು. ಬಡಾಯಿಕೋರನೆಂದು ಜನ ನಕ್ಕರು. ಯುದ್ಧ ಬಂತು, ಸೋಲು ಬಂತು, ಹಸಿವು ಬಂತು. ಕೆಲಸ ಮೊದಲಾದದ್ದು 1949ರಲ್ಲಿ. ಮೇಲಿನ ಉರೆ ಜಲಾಶಯ ಮುಗಿದದ್ದು 1958ರಲ್ಲಿ. ಕಾಲುವೆ ಪೂರ್ಣವಾದದ್ದು 1968ರಲ್ಲಿ. ಬಡಾಯಿಯೆನಿಸಿಕೊಂಡ ಮಾತು ನೀರಾಗಿ ಹೊಲಕ್ಕಿಳಿಯಲು ನಲವತ್ತೇಳು ವರ್ಷ ಹಿಡಿದಿತ್ತು. ರೈತರ ಸಂಘವೇ ಹೊಲಗಳ ನೀರಿನ ಹಂಚಿಕೆಯನ್ನು ನೋಡಿಕೊಳ್ಳುತ್ತದೆ. ಹಿಡುವಳಿಗೆ ತಕ್ಕಂತೆ ಎಲ್ಲರೂ ಹಣ ಕಟ್ಟುತ್ತಾರೆ. ಜಲಾಶಯ ಇಳಿದ ವರ್ಷ ಕಡಿತವೂ ಎಲ್ಲರಿಗೆ.

ಈ ಮಾತು ಕೇಳುವಾಗ ಮೇಷ್ಟ್ರಿಗೆ ಹೇಮಾವತಿ ನೆನಪಾಗದೆ ಇರಲು ಸಾಧ್ಯವಿರಲಿಲ್ಲ. ಗೊರೂರಿನ ಜಲಾಶಯದ ನೀರು ಬಾಗೂರು-ನವಿಲೆಯ ಸುರಂಗವನ್ನು ಹಾದು ತುಮಕೂರು ಜಿಲ್ಲೆಗೆ ಬಂದುದು ಸಾಮಾನ್ಯ ಸಾಹಸವಲ್ಲ. ಬಂದ ವರ್ಷ ಕೆರೆ ತುಂಬುತ್ತದೆ, ತೆಂಗು ತಲೆಯೆತ್ತುತ್ತದೆ. ಬಾರದ ವರ್ಷ ಸಭೆ ಸೇರುತ್ತದೆ. ಕಾಲುವೆಗೆ ಕೂಗಳತೆಯಲ್ಲಿದ್ದು ನೀರು ಕಾಣದ ಊರುಗಳೂ ಉಂಟು. ಚಿಕ್ಕನಾಯಕನಹಳ್ಳಿಯ ಕಡೆಯವರು ತಮ್ಮ ಕೆರೆಗಳಿಗೆ ಆ ನೀರನ್ನು ಕೇಳಿ ಕೇಳಿ ಒಂದು ತಲೆಮಾರು ಕಳೆದಿದೆ. ಮೇಷ್ಟ್ರು ಇದನ್ನೆಲ್ಲ ಮುದುಕರಿಗೆ ಹೇಳಲಿಲ್ಲ. ಪರದೇಶದಲ್ಲಿ ಮನೆಯ ಮಾತು ಏಕೆಂದು ಸುಮ್ಮನಾದರು.

ನೀರೊಂದು ಬಂದರೆ ಮಕ್ಕಳು ನೆಲ ಬಿಡುವುದಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು. ಊರಿನ ಕಟ್ಟೆಯ ಮೇಲೆ ಎಷ್ಟೋ ಬಾರಿ ಹಾಗೆ ವಾದಿಸಿದ್ದರು. ಮರುದಿನ ಬೆಳಗ್ಗೆ ಮುದುಕರ ಹೊಲಕ್ಕೆ ಹೋದಾಗ ಸಾಲಿನಲ್ಲಿ ಬಗ್ಗಿ ಎಲೆಕೋಸಿನ ಸಸಿ ನೆಡುತ್ತಿದ್ದವರು ಅವರ ಮಕ್ಕಳಲ್ಲ, ವಿಯೆಟ್ನಾಮಿನ ಇಬ್ಬರು ಹುಡುಗರು. 1993ರಲ್ಲಿ ಆರಂಭವಾದ ತರಬೇತಿಯ ಯೋಜನೆಯೊಂದರ ಹೆಸರಿನಲ್ಲಿ ಜಪಾನಿನ ಹೊಲಗಳಿಗೆ ಹೀಗೆ ಹೊರದೇಶದ ತರುಣರು ಬರುತ್ತಾರೆ. ಹೆಸರು ತರಬೇತಿ, ಕೆಲಸ ಕೂಲಿ. ಮುದುಕರ ಮಗನು ನಗೋಯದಲ್ಲಿ ಕಚೇರಿಯ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬರುತ್ತಾನೆ. ಹೊಲದ ಮಾತನ್ನು ಅವನೂ ಎತ್ತುವುದಿಲ್ಲ, ತಾವೂ ಎತ್ತುವುದಿಲ್ಲವೆಂದು ಅವರು ನಗುತ್ತಲೇ ಹೇಳಿದರು. ಸೇದಿ ಹಾಕುವ ಕಷ್ಟವಿಲ್ಲ, ನಲ್ಲಿ ತಿರುಗಿಸಿದರೆ ನೀರು, ಒಳ್ಳೆಯ ಮಾರುಕಟ್ಟೆ; ಆದರೂ ಹೀಗೆ. ಮೇಷ್ಟ್ರು ವಿಯೆಟ್ನಾಮಿನ ಹುಡುಗನನ್ನು, ನಿಮ್ಮೂರಿನ ಗದ್ದೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿಸಿದರು. ಹುಡುಗ ಮಣ್ಣಿನ ಕೈಯನ್ನು ಒರೆಸಿಕೊಂಡು, "ಅಪ್ಪ" ಎಂದನು.

ಅಂದಿನ ರಾತ್ರಿ ತಂದೆ ಮಗ ಇಬ್ಬರೂ ಸೇವಂತಿಗೆಯ ಗಾಜಿನ ಮನೆಗಳ ನಡುವಣ ರಸ್ತೆಯಲ್ಲಿ ನಡೆದು ಬರುತ್ತಿದ್ದರು. ಹಗಲು ಕುಗ್ಗಿದರೆ ಸೇವಂತಿಗೆ ಮೊಗ್ಗು ಬಿಡುತ್ತದೆ. ರಾತ್ರಿ ದೀಪ ಉರಿಸಿ ಗಿಡಕ್ಕೆ ಇನ್ನೂ ಬೇಸಗೆಯಿದೆಯೆಂಬ ಭ್ರಮೆ ಹುಟ್ಟಿಸಿದರೆ ಬೇಕಾದಾಗ ಹೂ ಕೊಯ್ಯಬಹುದು. ಹೀಗೆ ಮೈಲುಗಟ್ಟಲೆ ಬೆಳಗಿದ್ದ ಗಾಜಿನ ಮನೆಗಳಿಂದ ಆ ಕತ್ತಲ ನೆಲಕ್ಕೆ ಜಾತ್ರೆಯ ಕಳೆ ಬಂದಿತ್ತು. ಮಗನೇ ಮಾತು ತೆಗೆದನು.

"ಅಪ್ಪಾಜಿ, ನೀವು ತೋಟದ ವಿಷಯ ಕೇಳುವುದಕ್ಕೆಂದೇ ಇಷ್ಟು ದೂರ ಬಂದಿರೆಂದು ನನಗೆ ಗೊತ್ತು. ಮಾರಬೇಡಿ ಎನ್ನುವುದಕ್ಕೆ ನನಗೆ ಹಕ್ಕಿಲ್ಲ, ನಾನು ಅಲ್ಲಿಲ್ಲ. ಮಾರಿಬಿಡಿ ಎನ್ನುವುದಕ್ಕೆ ಬಾಯಿ ಬರುವುದಿಲ್ಲ."

ಮೇಷ್ಟ್ರು ಸ್ವಲ್ಪ ದೂರ ಸುಮ್ಮನೆ ನಡೆದು, "ಹಾಗಾದರೆ ಕೇಳಿದಂತಾಯಿತು, ಹೇಳಿದಂತಾಯಿತು" ಎಂದರು. ಇಬ್ಬರೂ ಆಮೇಲೆ ಹವೆಯ ವಿಷಯ ಮಾತನಾಡಿದರು.

ಅವರು ಮರಳಿದಾಗ ಊರಿನಲ್ಲಿ ಮಳೆ ಹಿಡಿದಿತ್ತು. ಆ ವರ್ಷದ ಹಿಂಗಾರು ಚೆನ್ನಾಗಿ ಸುರಿದು ತೋಟದ ಪಾತಿಗಳಲ್ಲಿ ಬಹುಕಾಲದ ಮೇಲೆ ನೀರು ನಿಂತಿತ್ತು. ಒಣಗಿದ ಮೂವತ್ತೊಂದು ಮರಗಳನ್ನು ಕಡಿಸಿ, ಅಷ್ಟೇ ಗುಂಡಿಗಳನ್ನು ತೋಡಿಸಿ, ತಿಪಟೂರು ಎತ್ತರದ ತಳಿಯ ಸಸಿಗಳನ್ನು ತಂದು ನೆಡಿಸಿದರು. ಎಪ್ಪತ್ತನ್ನು ಸಮೀಪಿಸಿದವರು ಏಳೆಂಟು ವರ್ಷಕ್ಕೆ ಫಲಕ್ಕೆ ಬರುವ ಗಿಡ ನೆಡುವುದನ್ನು ನೋಡಿ ನಿವೇಶನದವರು ತಾವಾಗಿಯೇ ಬರುವುದನ್ನು ನಿಲ್ಲಿಸಿದರು. ಬೇಲಿಯ ಬದಿಯಲ್ಲಿ ಮಳೆಯ ನೀರಿಗೆ ಕೃಷಿಹೊಂಡವೊಂದನ್ನು ತೆಗೆಸಿದ್ದು ಅದೇ ವರ್ಷ.

ಮಗನು ಜಪಾನಿನಿಂದ ಹಿಂತಿರುಗುವ ಸಮಯದಲ್ಲಿ, 2019ರ ಮೇ ತಿಂಗಳಲ್ಲಿ, ಉರೆ ಜಲಾಶಯ ಪೂರ್ತಿಯಾಗಿ ಬರಿದಾಯಿತು. ತಳದ ಮಣ್ಣು ಬಿರುಕು ಬಿಟ್ಟಿದ್ದ ಚಿತ್ರವನ್ನು ಅವನು ತಂದೆಗೆ ಕಳುಹಿಸಿದನು. ಮಲ್ಲಾಘಟ್ಟದ ಕೆರೆಯ ಚಿತ್ರವೆಂದು ನೆರೆಯವರು ಭ್ರಮಿಸಿದರಂತೆ. 2023ರಲ್ಲಿ ಕೊಬ್ಬರಿಯ ಧಾರಣೆ ಕ್ವಿಂಟಾಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಬಹಳ ಕೆಳಕ್ಕಿಳಿದು ತಿಪಟೂರಿನಲ್ಲಿ ರೈತರು ಧರಣಿ ಕುಳಿತಾಗ ಮೇಷ್ಟ್ರೂ ಒಂದು ದಿನ ಹೋಗಿ ಕುಳಿತು ಬಂದರು. ಎರಡು ವರ್ಷದಲ್ಲಿ ಅದೇ ಕೊಬ್ಬರಿ ಹಿಂದೆ ಕಾಣದ ಬೆಲೆಗೇರಿದಾಗ ಅವರ ಅಟ್ಟದಲ್ಲಿ ಹೆಚ್ಚು ಕಾಯಿಯಿರಲಿಲ್ಲ.

ನೆಟ್ಟ ಮೂವತ್ತೊಂದರಲ್ಲಿ ಇಪ್ಪತ್ತೇಳು ಸಸಿಗಳು ಉಳಿದಿವೆ. ನಾಲ್ಕರಲ್ಲಿ ಹೊಂಬಾಳೆ ಬಿಚ್ಚಿದೆ. ಜಮೀನಿನ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ. ಮಗನು ಬಿಡದಿಯಲ್ಲಿಯೇ ಇದ್ದಾನೆ. ಕಾಯಿ ಕೀಳಿಸುವ ದಿನ ರಜೆ ಹಾಕಿ ಬಂದು, ಎಣಿಕೆ ಬರೆದುಕೊಂಡು, ಸಂಜೆಯ ರೈಲಿಗೆ ಹೋಗುತ್ತಾನೆ.